ಮಂತ್ರದಂಡ ಯಾರ ಕೈಯಲ್ಲಿ? ಹ್ಯಾರಿ ಪಾಟರ್ ಸರಣಿಯ ರಾಜಕೀಯಕ್ಕೆ ಸಾಹಿತ್ಯದ ತೂಕವಿದೆಯೇ?

ಪರ

ಈ ಸರಣಿಯ ಖಳನಾಯಕ ವೊಲ್ಡೆಮಾರ್ಟ್‌ಗಿಂತ ಸರ್ಕಾರಿ ಅಧಿಕಾರಿ ಡೊಲೊರೆಸ್ ಅಂಬ್ರಿಜ್‌ಗೆ ನಾನು ಹೆಚ್ಚು ಹೆದರುತ್ತೇನೆ. ಗುಲಾಬಿ ಬಣ್ಣದ ಕಾರ್ಡಿಗನ್, ಗೋಡೆಯ ತುಂಬ ಬೆಕ್ಕಿನ ಮರಿಗಳ ಚಿತ್ರವಿರುವ ತಟ್ಟೆಗಳು, ಎಳೆಯ ಹುಡುಗಿಯಂಥ ದನಿ. 2003ರಲ್ಲಿ ಬಂದ ಐದನೆಯ ಪುಸ್ತಕದಲ್ಲಿ ಮಾಂತ್ರಿಕರ ಸರ್ಕಾರವಾದ ಮಾಂತ್ರಿಕ ಸಚಿವಾಲಯ ಅವಳನ್ನು ಹಾಗ್ವರ್ಟ್ಸ್ ಶಾಲೆಗೆ ಕಳುಹಿಸುತ್ತದೆ. ಅವಳು ಕೂಗಾಡುವುದಿಲ್ಲ, ಆದೇಶ ಹೊರಡಿಸುತ್ತಾಳೆ. ಇಪ್ಪತ್ತನಾಲ್ಕನೆಯ ಆದೇಶದ ಪ್ರಕಾರ ಮೂವರು ವಿದ್ಯಾರ್ಥಿಗಳು ನಿಯಮಿತವಾಗಿ ಸೇರಿದರೆ ಅದೊಂದು ಸಂಘ, ಅದಕ್ಕೆ ಅವಳ ಅನುಮತಿ ಬೇಕು. ಇಪ್ಪತ್ತೇಳನೆಯ ಆದೇಶ ಒಂದು ಪತ್ರಿಕೆಯನ್ನೇ ನಿಷೇಧಿಸುತ್ತದೆ. ಅದೇ ದಿನ ಮುಗಿಯುವಷ್ಟರಲ್ಲಿ ಇಡೀ ಶಾಲೆ ಅದನ್ನು ಓದಿ ಮುಗಿಸಿರುತ್ತದೆ. ವೊಲ್ಡೆಮಾರ್ಟ್ ಮರಳಿ ಬಂದಿದ್ದಾನೆ ಎಂಬ ನಿಜವನ್ನು ಹೇಳಿದ ತಪ್ಪಿಗೆ ಹ್ಯಾರಿ 'ನಾನು ಸುಳ್ಳು ಹೇಳಬಾರದು' ಎಂದು ಬರೆಯುತ್ತಾ ಕೂರಬೇಕು. ಶಾಯಿಯ ಬದಲು ಅವನದೇ ರಕ್ತ ಕಾಗದಕ್ಕೆ ಇಳಿಯುತ್ತದೆ, ಅಕ್ಷರಗಳು ಅವನ ಕೈಯ ಮೇಲೆಯೇ ಕೊರೆಯುತ್ತವೆ. ಸೆನ್ಸಾರ್‌ಶಿಪ್ ಎಂಬ ಪದವನ್ನೇ ಕೇಳದ ಹನ್ನೆರಡರ ಮಗುವಿಗೂ ಅದು ಏನೆಂಬುದು ಆ ಗಾಯದಿಂದ ತಿಳಿಯುತ್ತದೆ. ಇದನ್ನು ಸಾಹಿತ್ಯದ ಕೆಲಸ ಎನ್ನದೆ ಬೇರೇನೆಂದು ಕರೆಯಬೇಕು?

ಅಂಬ್ರಿಜ್ ವೊಲ್ಡೆಮಾರ್ಟ್‌ನ ಗುಂಪಿಗೆ ಸೇರಿದವಳಲ್ಲ. ಆದರೂ ಏಳನೆಯ ಪುಸ್ತಕದಲ್ಲಿ ಸರ್ಕಾರ ಅವನ ವಶವಾದಾಗ ಅವಳ ಕೆಲಸ ನಿಲ್ಲುವುದಿಲ್ಲ. ಮಗಲ್, ಅಂದರೆ ಮಾಂತ್ರಿಕರಲ್ಲದ, ತಂದೆ ತಾಯಿಗೆ ಹುಟ್ಟಿದವರನ್ನು ವಿಚಾರಣೆಗೆ ಕರೆದು, ಮಾಂತ್ರಿಕ ಶಕ್ತಿಯನ್ನು ಕದ್ದವರೆಂದು ಹೊರಿಸಿ, ಮಂತ್ರದಂಡ ಕಸಿದುಕೊಳ್ಳುವ ಆಯೋಗಕ್ಕೆ ಅವಳೇ ಮುಖ್ಯಸ್ಥೆ. ಅವಳು ಇಂಥದೇ ದೇಶದ ಇಂಥದೇ ಮಂತ್ರಿ ಎಂದು ಬೊಟ್ಟು ಮಾಡಲು ಆಗುವುದಿಲ್ಲ. ಈ ಅನ್ಯೋಕ್ತಿಯ ಶಕ್ತಿ ಇರುವುದೇ ಅಲ್ಲಿ. ಓದುಗ ಎಲ್ಲಿಯವನಾದರೂ ತನ್ನ ಊರಿನ ಕಚೇರಿಯೊಂದು ನೆನಪಾಗುತ್ತದೆ. ಸರಣಿಯ ಲೇಖಕಿ ಜೆ. ಕೆ. ರೌಲಿಂಗ್ ಇಪ್ಪತ್ತರ ಹರೆಯದಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ನ ಲಂಡನ್ ಕಚೇರಿಯಲ್ಲಿ ದುಡಿದವರು, ಸರ್ವಾಧಿಕಾರದ ನಾಡುಗಳಿಂದ ಗುಟ್ಟಾಗಿ ಹೊರಬಂದ ಪತ್ರಗಳನ್ನು ಓದಿದವರು. ಆ ಓದು ಈ ಪುಟಗಳಲ್ಲಿ ಉಪದೇಶವಾಗದೆ ಕಥೆಯಾಗಿ ಬಂದಿದೆ.

ವಿರೋಧ

ಅಂಬ್ರಿಜ್ ಪಾತ್ರದ ಬಗ್ಗೆ ನನ್ನ ತಕರಾರಿಲ್ಲ. 2000ದಲ್ಲಿ ವಿಮರ್ಶಕ ಹೆರಾಲ್ಡ್ ಬ್ಲೂಮ್ ಈ ಪುಸ್ತಕಗಳ ಸವಕಲು ನುಡಿಗಟ್ಟುಗಳನ್ನು ಖಂಡಿಸಿದ್ದರು. ಮಕ್ಕಳ ಪುಸ್ತಕದ ಭಾಷೆ ಸರಳವಾಗಿದ್ದರೆ ನನಗೆ ಅದೂ ದೊಡ್ಡ ದೋಷವಲ್ಲ. ನನ್ನನ್ನು ಕಾಡುವುದು ಮಾಂತ್ರಿಕರ ಊಳಿಗ ಮಾಡುವ ಎಲ್ಫ್ ಎಂಬ ಜೀವಿಗಳ ಕಥೆ.

ಅವು ಸಂಬಳವಿಲ್ಲದೆ ದುಡಿಯುತ್ತವೆ, ಯಜಮಾನ ಬಟ್ಟೆ ಕೊಟ್ಟರೆ ಮಾತ್ರ ಬಿಡುಗಡೆ. ಇದು ಜೀತ. ನಾಲ್ಕನೆಯ ಪುಸ್ತಕದಲ್ಲಿ ಹ್ಯಾರಿಯ ಗೆಳತಿ ಹರ್ಮಯೊನಿ ಅದನ್ನು ಜೀತವೆಂದೇ ಕರೆದು ಸಂಘ ಕಟ್ಟುತ್ತಾಳೆ, ಗೆಳೆಯರು ನಗುತ್ತಾರೆ. ದುಡಿಯುವುದು ಅವುಗಳ ಸ್ವಭಾವ, ಬಿಡಿಸಿದರೆ ಅನ್ಯಾಯ ಮಾಡಿದಂತೆ ಎಂದು ಒಳ್ಳೆಯ ಮನಸ್ಸಿನ ಶಿಕ್ಷಕ ಹ್ಯಾಗ್ರಿಡ್ ಹೇಳುತ್ತಾನೆ. ಜೀತದಾಳುಗಳನ್ನು ಇಟ್ಟುಕೊಂಡವರು ಎಲ್ಲ ಕಾಲದಲ್ಲೂ ಹೇಳಿದ ಮಾತು ಇದೇ. ಪುಸ್ತಕ ಅದಕ್ಕೆ ಉತ್ತರ ಕೊಡುವ ಬದಲು ಸಾಕ್ಷಿ ಒದಗಿಸುತ್ತದೆ: ಬಿಡುಗಡೆಯಾದ ಎಲ್ಫ್ ವಿಂಕಿ ಅಳುತ್ತಾ ಕುಡಿತಕ್ಕೆ ಬೀಳುತ್ತಾಳೆ.

ರೌಲಿಂಗ್‌ಗೆ ಇದು ಕಾಣಲಿಲ್ಲ ಎನ್ನುವಂತಿಲ್ಲ. ಸಚಿವಾಲಯದ ಪ್ರವೇಶಾಂಗಣದಲ್ಲಿ ಒಂದು ಚಿನ್ನದ ಕಾರಂಜಿ ಇದೆ. ಅದರಲ್ಲಿ ಮನುಷ್ಯರಲ್ಲದ ಸೆಂಟಾರ್, ಗಾಬ್ಲಿನ್, ಎಲ್ಫ್ ಮೂವರೂ ಮಾಂತ್ರಿಕರನ್ನು ಆರಾಧನೆಯಿಂದ ನೋಡುತ್ತಿದ್ದಾರೆ. ಆ ಕಾರಂಜಿ ಸುಳ್ಳು ಹೇಳುತ್ತಿತ್ತು ಎಂದು ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಒಪ್ಪಿಕೊಳ್ಳುತ್ತಾನೆ. ತನ್ನ ಮನೆಯ ಎಲ್ಫ್ ಕ್ರೀಚರ್‌ನನ್ನು ಹ್ಯಾರಿಯ ಧರ್ಮಪಿತ ಸಿರಿಯಸ್ ಕಸದಂತೆ ಕಂಡ, ಕ್ರೀಚರ್ ಹೇಳಿದ ಸುಳ್ಳು ಹ್ಯಾರಿಯನ್ನು ಬಲೆಗೆ ಕೆಡವಿತು, ಸಿರಿಯಸ್ ಸತ್ತ. ಸರಣಿಯ ಅತ್ಯುತ್ತಮ ರಾಜಕೀಯ ಬರವಣಿಗೆ ಇದು ಎಂದು ನಾನು ಒಪ್ಪುತ್ತೇನೆ. ಅದಕ್ಕೇ ಮುಂದಿನದು ನೋಯಿಸುತ್ತದೆ.

ಏಳನೆಯ ಪುಸ್ತಕದಲ್ಲಿ ಸ್ವತಂತ್ರನಾಗಿದ್ದ ಎಲ್ಫ್ ಡಾಬಿ ಹ್ಯಾರಿಯನ್ನು ಉಳಿಸಲು ಹೋಗಿ ಸಾಯುತ್ತಾನೆ, ಹ್ಯಾರಿ ಮಂತ್ರ ಬಳಸದೆ ಕೈಯಾರೆ ಗುಂಡಿ ತೋಡುತ್ತಾನೆ. ಕ್ರೀಚರ್ ಎಲ್ಫ್‌ಗಳ ಪಡೆ ಕಟ್ಟಿಕೊಂಡು ಯುದ್ಧಕ್ಕೆ ನುಗ್ಗುತ್ತಾನೆ. ವೊಲ್ಡೆಮಾರ್ಟ್ ಸಾಯುತ್ತಾನೆ, ಸಚಿವಾಲಯಕ್ಕೆ ಹಂಗಾಮಿ ಮಂತ್ರಿ ಬರುತ್ತಾನೆ. ಎಲ್ಫ್‌ಗಳಿಗೆ, ಗಾಬ್ಲಿನ್‌ಗಳಿಗೆ ಮಂತ್ರದಂಡ ಹಿಡಿಯುವ ಹಕ್ಕು ಸಿಕ್ಕಿತೇ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ದಣಿದ ಹ್ಯಾರಿಗೆ ಹಾಸಿಗೆ ನೆನಪಾಗುತ್ತದೆ. ಅಲ್ಲಿಗೆ ಕ್ರೀಚರ್ ಒಂದು ಸ್ಯಾಂಡ್‌ವಿಚ್ ತಂದುಕೊಟ್ಟಾನೇ ಎಂದು ಅವನು ಯೋಚಿಸುತ್ತಾನೆ.