ಹಾಡಿಗೂ ವಾದ್ಯರೂಪಕ್ಕೂ ಒಂದೇ ಹೆಸರು ಅಂತೆ!

ಮ್ಯೂಸಿಕ್‌ಬ್ರೈನ್ಸ್‌ನಲ್ಲಿ, ಅಂದರೆ ಬಳಕೆದಾರರೇ ತುಂಬಿ ತಿದ್ದೋ ಸಂಗೀತದ ಡೇಟಾಬೇಸಿನಲ್ಲಿ, ಒಂದು ಆಲ್ಬಮ್ಮಿನ ಮಾಹಿತಿ ಮತ್ತೆ ಅಳಿಸಿದ್ದಾರೆ. ಎರಡನೇ ಡಿಸ್ಕಿನ ಅಷ್ಟೂ ಟ್ರ್ಯಾಕಿನ ಹೆಸರಿನಿಂದ ‘ಇನ್‌ಸ್ಟ್ರುಮೆಂಟಲ್’ ಕಿತ್ತು ಹಾಕಿ, ಕೆಳಗೆ ‘ಅನಗತ್ಯ ಮಾಹಿತಿ’ ಅಂತ ಬರೆದು ಹೋಗಿದ್ದಾರೆ.

ಯಾವುದು ಸ್ವಾಮಿ ಅನಗತ್ಯ? ಮೊದಲ ಡಿಸ್ಕಲ್ಲಿ ಹಾಡು, ಎರಡನೆಯದರಲ್ಲಿ ಅದೇ ಹಾಡು ದನಿ ತೆಗೆದು. ಹೆಸರೂ ಒಂದೇ ಆಯ್ತು, ಉದ್ದವಂತೂ ಮೊದಲಿಂದಲೂ ಒಂದೇ. ನಾಳೆ ಇನ್ನೊಬ್ಬರು ಬಂದು ಡೂಪ್ಲಿಕೇಟ್ ಅಂತ ಎರಡು ರೆಕಾರ್ಡಿಂಗನ್ನೂ ವಿಲೀನ ಮಾಡ್ತಾರೆ, ಅಕೌಸ್ಟ್‌ಐಡಿ (ಧ್ವನಿಯಿಂದ ತೆಗೆದ ಬೆರಳಚ್ಚಿನಂಥ ಗುರುತು) ಹೊಂದುತ್ತೆ ಅಂತ ಸಾಕ್ಷಿ ಬೇರೆ ಕೊಡ್ತಾರೆ. ಹೊಂದದೆ ಇನ್ನೇನು? ಅದು ನೋಡೋದು ಸ್ವರಗಳ ಹಂಚಿಕೆಯನ್ನ, ಅದೂ ಸಾಮಾನ್ಯವಾಗಿ ಮೊದಲ 120 ಸೆಕೆಂಡಿನದು. ಹಿನ್ನೆಲೆ ವಾದ್ಯ ಅದೇ ಇದ್ದರೆ ಹಾಡುವವರು ಇದ್ದಾರೋ ಇಲ್ಲವೋ ಅದಕ್ಕೆ ಎಷ್ಟೋ ಸಲ ತಿಳಿಯೋದೇ ಇಲ್ಲ. ಎರಡಕ್ಕೂ ಬೇರೆ ಬೇರೆ ಐಎಸ್‌ಆರ್‌ಸಿ, ಅಂದರೆ ರೆಕಾರ್ಡಿಂಗಿಗೆ ಕೊಡೋ ಗುರುತಿನ ಸಂಕೇತ, ಇದೆ, ಅದನ್ನ ನೋಡಿ ಅಂದರೆ ನೋಡಲ್ಲ.

ಹೊಟ್ಟೆ ಉರಿಯೋದು ಮುಂದಿನದಕ್ಕೆ. ರೆಕಾರ್ಡಿಂಗಿಗೆ ವರ್ಕ್ (ಅಂದರೆ ಹಾಡಿನ ಮೂಲ ಕೃತಿ) ಜೊತೆಗಿನ ಕೊಂಡಿಯಲ್ಲಿ ‘ಇನ್‌ಸ್ಟ್ರುಮೆಂಟಲ್’ ಅಂತ ಒಂದು ಗುರುತು ಹಾಕಿದರೆ ಮುಗೀತು, ಮ್ಯೂಸಿಕ್‌ಬ್ರೈನ್ಸ್‌ನಲ್ಲಿ ಅದಕ್ಕಂತಲೇ ಜಾಗ ಇದೆ. ಇವರು ಅದನ್ನ ತೆಗೆದು, ವರ್ಕಿನ ಸಾಹಿತ್ಯದ ಭಾಷೆಯನ್ನೇ ‘ಸಾಹಿತ್ಯವಿಲ್ಲ’ ಮಾಡಿದ್ದಾರೆ. ಆ ವರ್ಕಿಗೆ ಹಾಡಿದ ರೆಕಾರ್ಡಿಂಗೂ ಸೇರಿದೆಯಲ್ಲ! ಈಗ ಈ ಡೇಟಾಬೇಸ್ ನೋಡಿ ಫೈಲಿಗೆ ಟ್ಯಾಗು ಹಾಕೋ ಪಿಕಾರ್ಡ್ ತಂತ್ರಾಂಶ ಓಡಿಸಿದರೆ ಪಲ್ಲವಿ ಚರಣ ಎಲ್ಲ ಇರೋ ಫೈಲಿಗೆ ಭಾಷೆಯ ಟ್ಯಾಗು ‘ಝಡ್‌ಎಕ್ಸ್‌ಎಕ್ಸ್’ ಅಂತ ಬೀಳುತ್ತೆ. ಅಂದರೆ ಭಾಷೆಯೇ ಇಲ್ಲ ಅಂತ.

ಇಷ್ಟನ್ನೂ ಬಿಡಿಸಿ ಬರೆದೆ. ಬಂದ ಉತ್ತರ: ‘ಕೇಳಿದರೆ ಗೊತ್ತಾಗುತ್ತಲ್ಲ?’ ಎಲ್ಲರೂ ನೋಡೋ ಜಾಗದಲ್ಲಿ, ಏನೂ ತಿಳಿಯದವರಿಗೆ ಹೇಳಿದ ಹಾಗೆ. ಕೇಳಿದರೆ ಗೊತ್ತಾಗುತ್ತಲ್ಲ! ಡೇಟಾಬೇಸ್ ಇರೋದು ಕೇಳದೇ ಗೊತ್ತಾಗಲಿ ಅಂತ. ಹುಡುಕೋ ಯಂತ್ರಕ್ಕೆ ಕಿವಿ ಇದೆಯಾ? ಅದರ ಕೆಳಗೆ ಇಬ್ಬರು ಒಪ್ಪಿಗೆ ಒತ್ತಿದ್ದಾರೆ, ಒಂದು ಟ್ರ್ಯಾಕನ್ನೂ ತೆಗೆದು ನೋಡದೆ.

ಹೋಗಲಿ ಬಿಡಿ. ಮಾಡ್ಕೊಳ್ಳಲಿ. ನಾನು ಇನ್ನು ಆ ಆಲ್ಬಮ್ ಮುಟ್ಟಲ್ಲ.

ಆದರೆ ಬಿಡೋದು ಹೇಗೆ? ಪಕ್ಕದ ಆಲ್ಬಮ್ಮಿನಲ್ಲಿ ಹುಟ್ಟಿದಾಗಿಂದಲೇ ಸಾಹಿತ್ಯ ಇಲ್ಲದ ಸಿತಾರ್ ಕೃತಿಗೆ ಇದೇ ಮನುಷ್ಯರು ಹೆಸರಿನ ಮುಂದೆ ‘ಇನ್‌ಸ್ಟ್ರುಮೆಂಟಲ್’ ಅಂಟಿಸಿದ್ದಾರೆ. ‘ಸಾಹಿತ್ಯವಿಲ್ಲ’ ಅಂತ ಹಾಕಬೇಕಾಗಿದ್ದು ಅಲ್ಲಿ, ಅಲ್ಲಿ ಖಾಲಿ! ಇನ್ನೊಂದು ಕಡೆ ಕೋರಸ್ ದನಿ ಉಳಿಸಿರೋ ಕರೋಕೆ ಟ್ರ್ಯಾಕಿಗೂ ಅದೇ ಹೆಸರು. ಬೇಕಾದಲ್ಲಿ ಅಳಿಸೋದು, ಬೇಡದಲ್ಲಿ ಅಂಟಿಸೋದು, ಯಾವ ನಿಯಮ ಇದು? ಆ ಇಬ್ಬರಲ್ಲಿ ಒಬ್ಬರಾದರೂ ಉತ್ತರ ಕೊಡಿ: ನಾಳೆ ಎರಡೂ ವಿಲೀನವಾದ ಮೇಲೆ ಅವನ್ನ ಬಿಡಿಸೋರು ಯಾರು?