ಲೋಟದೊಳಗಿನ ದೇವರನಾಮ

ಹಬ್ಬದ ದಿನ ಬೆಳಿಗ್ಗೆ ಏಳಕ್ಕೇ ಶಿವಮೊಗ್ಗದಿಂದ ಚಿಕ್ಕಪ್ಪನ ಫೋನು. "ಏನೋ ಇದು, ದೇವರನಾಮ ಕಳಿಸಿದೀಯೋ, ಹಪ್ಪಳ ಕರಿಯೋದನ್ನ ರೆಕಾರ್ಡ್ ಮಾಡಿ ಕಳಿಸಿದೀಯೋ?"

ವರಮಹಾಲಕ್ಷ್ಮಿಗೆಂದು ಹೆಂಡತಿ ಹಾಡಿದ್ದಳು. ನಾನು ಫ್ಯಾನ್ ಆರಿಸಿ, ಫ್ರಿಜ್ ಆರಿಸಿ (ಮತ್ತೆ ಹಾಕಲು ಮರೆತು ಹಾಲು ಒಡೆದದ್ದರ ಬಗ್ಗೆ ಇನ್ನೂ ಮಾತುಕತೆ ನಡೆಯುತ್ತಿದೆ), ಕೋಣೆ ಮೊಳಗದಿರಲಿ ಅಂತ ಬೀರು ಬಾಗಿಲು ತೆಗೆದು ಅವಳ ಸೀರೆಗಳ ಮುಂದೆ ಮೈಕ್ ನಿಲ್ಲಿಸಿ ರೆಕಾರ್ಡ್ ಮಾಡಿಕೊಂಡಿದ್ದೆ. ಆಮೇಲೆ ಎರಡು ರಾತ್ರಿ ಕೂತು ತಿದ್ದಿದೆ. ಹೆಡ್‌ಫೋನಿನಲ್ಲಿ ಜೇನು ಸುರಿದ ಹಾಗಿತ್ತು.

ಭಾವನ ಕಾರಿನಲ್ಲಿ ಹಾಕಿದರೆ ತಂಬೂರಿಗೆ ಬಾಗಿಲೇ ಗಡಗಡ ನಡುಗಿತು. ಅದೇ ತಂಬೂರಿ ಚಿಕ್ಕಮ್ಮನ ಫೋನಿನಲ್ಲಿ ನಾಪತ್ತೆ. ಅಂಗೈಯಗಲದ ಫೋನಿಗೆ 100 ಹರ್ಟ್ಸ್‌ನ ಮಂದ್ರ ಷಡ್ಜ ಎಲ್ಲಿಂದ ಬರಬೇಕು? ಹಾಡು ತುಂಬಿಕೊಳ್ಳಲಿ ಅಂತ ಬಾಸ್ (ಇಂಥ ತಗ್ಗಿನ ಸದ್ದು) ಏರಿಸಿದವನು ನಾನೇ.

ಆದರೆ ಚಿಕ್ಕಪ್ಪನ ಕಥೆ ಬೇರೆ. ಅವರು ಫೋನನ್ನು ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ಕೇಳುತ್ತಾರೆ. ವಾರ್ತೆ, ಪ್ರವಚನ, ನಮ್ಮ ವಾಯ್ಸ್ ಮೆಸೇಜು, ಎಲ್ಲವೂ ಲೋಟದಿಂದಲೇ. ವಾಲ್ಯೂಮು ಸದಾ ಪೂರ್ತಿ. ಅದಕ್ಕೆಂದೇ ಒಂದು ಲೋಟ ಮೀಸಲು. ಯಾರಾದರೂ ಅದರಲ್ಲಿ ಕಾಫಿ ಕುಡಿದರೆ ಅಂದು ಮನೆಯಲ್ಲಿ ಮಾತಿಲ್ಲ. ಮೊಮ್ಮಗ ಉಡುಗೊರೆ ಕೊಟ್ಟ ಬ್ಲೂಟೂತ್ ಸ್ಪೀಕರ್ ಇನ್ನೂ ಡಬ್ಬದಲ್ಲಿದೆ. "ಅದಕ್ಕೆ ಚಾರ್ಜ್ ಮಾಡ್ಬೇಕು, ಲೋಟಕ್ಕೆ ತೊಳೆದ್ರೆ ಸಾಕು." ನಾನು ಸಿಟ್ಟಿನಲ್ಲಿ ಲೆಕ್ಕ ಹಾಕಿದೆ: ಒಂದು ಕಡೆ ಮುಚ್ಚಿದ, 12 ಸೆಂಟಿಮೀಟರ್ ಎತ್ತರದ ಲೋಟ ಹೆಚ್ಚುಕಡಿಮೆ 700 ಹರ್ಟ್ಸ್ ಆಸುಪಾಸಿನಲ್ಲಿ ಮೊಳಗುತ್ತದೆ. ಅಂದರೆ ನನ್ನ ಹೆಂಡತಿ ತಾರಸ್ಥಾಯಿಗೆ ಹೋದಾಗೆಲ್ಲ ಲೋಟವೂ ಜೊತೆಗೆ ಹಾಡುತ್ತದೆ!

"ಲೋಟದಿಂದ ಫೋನ್ ತೆಗೀರಿ ಚಿಕ್ಕಪ್ಪ."

"ತೆಗೆದೇ ಕೇಳ್ದೆ ಕಣೋ. ಆಗ್ಲೂ ಚರಚರ ಅಂತು. ಪಾಪ ಆ ಹುಡುಗಿ ಚೆನ್ನಾಗೇ ಹಾಡಿದಾಳೆ."

ಈ ಕೊನೇ ಮಾತು ಹೆಂಡತಿಗೂ ಕೇಳಿಸಿತು. ಸ್ಪೀಕರ್ ಫೋನು.

ತಪ್ಪು ಸಿಕ್ಕಿತು, ನನ್ನದೇ. ಡಿಜಿಟಲ್‌ನಲ್ಲಿ 0 ಡೆಸಿಬಲ್ ಅಂದರೆ ಮನೆಯ ತಾರಸಿ. ಅದಕ್ಕಿಂತ ಮೇಲೆದ್ದ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಆ ಚಪ್ಪಟೆ ತಲೆಯೇ ಚರಚರ. ಹಾಡು ಜೋರಾಗಿ ಕೇಳಲಿ ಅನ್ನುವ ಆಸೆಗೆ ನಾನು ಮೈನಸ್ 0.1ರವರೆಗೆ ತುರುಕಿದ್ದೆ. ಎಂಪಿ3 ಮಾಡುವಾಗ ಅಲೆ ಹಿಸುಕಿ ಮರುಜೋಡಣೆಯಾಗಿ ತುಸು ಮೇಲೇಳುತ್ತದೆ. ತಿಳಿದವರು ಅದಕ್ಕೇ ಮೈನಸ್ 1ಕ್ಕೇ ನಿಲ್ಲಿಸುತ್ತಾರಂತೆ. ನನಗೆ ತಿಳಿದದ್ದು ಹಪ್ಪಳ ಕರಿದ ಮೇಲೆ.

ಚಿಕ್ಕಪ್ಪನ ಹತ್ತಿರ ಅಜ್ಜಿಯ ಹಾಡಿನ ಕ್ಯಾಸೆಟ್ಟಿದೆ. ಟೂ-ಇನ್-ಒನ್‌ನ ಎರಡು ಗುಂಡಿ ಒಟ್ಟಿಗೆ ಒತ್ತಿ ಅಡುಗೆಮನೆ ಕಟ್ಟೆ ಮೇಲಿಟ್ಟು ಮಾಡಿದ್ದು. ಸದ್ದು ಹೆಚ್ಚಾದರೆ ಟೇಪು ತಲೆ ಕತ್ತರಿಸುವುದಿಲ್ಲ, ಮೆತ್ತಗೆ ಅದುಮುತ್ತದೆ. ಪಲ್ಲವಿಯ ನಡುವೆ ಕುಕ್ಕರ್ ಕೂಗುತ್ತದೆ, ಅಜ್ಜಿ ಹಾಡು ನಿಲ್ಲಿಸಿ "ಎಷ್ಟನೇದು?" ಅಂತ ಕೇಳಿ ಅದೇ ಶ್ರುತಿಗೆ ವಾಪಸ್ಸು ಬರುತ್ತಾಳೆ. ಯಾವುದರಲ್ಲಿ ಹಾಕಿದರೂ ಅಜ್ಜಿ ಅಜ್ಜಿಯೇ. ಆ ಕುಕ್ಕರನ್ನು ತೆಗೆದುಹಾಕುವ ಸಾಫ್ಟ್‌ವೇರ್ ನನ್ನ ಬಳಿ ಇದೆ, ಮುಟ್ಟಿಲ್ಲ.

ರಾತ್ರಿ ಬಾಸ್ ಇಳಿಸಿ, ಸದ್ದು ತಗ್ಗಿಸಿ, ಹಾಡನ್ನು ಫೋನಿನಲ್ಲೂ ಟೀವಿಯಲ್ಲೂ ಭಾವನ ಕಾರಿನಲ್ಲೂ ಕೇಳಿ, ಕೊನೆಗೆ ನಮ್ಮನೆ ಲೋಟದೊಳಗೂ ಇಟ್ಟು ನೋಡಿ ಕಳಿಸಿದೆ. ಒಂದು ಕಡೆಯೂ ಚರಚರ ಇರಲಿಲ್ಲ.

ಹತ್ತು ನಿಮಿಷಕ್ಕೆ ಚಿಕ್ಕಪ್ಪನ ಉತ್ತರ ಬಂತು: "ಈಗ ಚೆನ್ನಾಗಿದೆ. ಸೌಂಡ್ ಮಾತ್ರ ಕಮ್ಮಿ. ಪರವಾಗಿಲ್ಲ, ಕೊಳದಪ್ಪಲೆಯಲ್ಲಿ ಇಟ್ಕೊಂಡೆ."