ಸೇವ್ ಶೇಕಡಾ ಒಂದನ್ನೇ ನೋಡಿದರೆ ಹೇಗೆ?

ಸೇವ್ ಶೇಕಡಾ (ಗೋಲಿನತ್ತ ಬಂದ ಶಾಟ್‌ಗಳಲ್ಲಿ ನೂರಕ್ಕೆ ಎಷ್ಟು ತಡೆದ ಅನ್ನುವ ಲೆಕ್ಕ) 90 ದಾಟಿಲ್ಲ ಅಂತ 17 ವರ್ಷದ ಐಸ್ ಹಾಕಿ ಗೋಲ್‌ಕೀಪರ್ ಒಬ್ಬನನ್ನು ನಾನು ಓದಿದ ಲೇಖನವೊಂದು ಪಕ್ಕಕ್ಕೆ ಸರಿಸಿದ್ದು ಆತುರವಾಯಿತು. ಜೂನಿಯರ್ ಐಸ್ ಹಾಕಿಯಲ್ಲಿ ಮುಂದಿರುವ ಡಿಫೆನ್ಸೇ ಸೋರುತ್ತಿದ್ದರೆ ಆ ಸಂಖ್ಯೆ ಇಳಿಯದೆ ಇನ್ನೇನು? ನಾನಾದರೆ ಅವನ ಕಾಲು ನೋಡುತ್ತೇನೆ. ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಈ ಬದಿಯಿಂದ ಆ ಬದಿಗೆ ಪಾಸ್ ಆದಾಗ ಮೊದಲು ತಲೆ ತಿರುಗುತ್ತದಾ? ಶಾಟ್ ಬರುವ ಮುಂಚೆಯೇ ಜಾರಿ ಬಂದು ಸ್ಥಿರವಾಗಿ ನಿಲ್ಲುತ್ತಾನಾ? ಪ್ಯಾಡಿಗೆ ಬಡಿದ ಪಕ್ ಮೂಲೆಗೆ ಹೋಗುತ್ತದಾ, ಇಲ್ಲ ಎದುರಾಳಿಯ ಸ್ಟಿಕ್ಕಿಗೇ ವಾಪಸ್ ಬೀಳುತ್ತದಾ? ಎತ್ತರ ಜಾಸ್ತಿ ಇದ್ದರೆ ಸಾಲದು.

2000ರಲ್ಲಿ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಎಲ್ಲರಿಗಿಂತ ಮೊದಲು ಆಯ್ಕೆಯಾದದ್ದು ಗೋಲ್‌ಕೀಪರ್ ರಿಕ್ ಡಿಪಿಯೆಟ್ರೊ. ಇನ್ನೊಬ್ಬ ಗೋಲ್‌ಕೀಪರ್ ಹೆನ್ರಿಕ್ ಲುಂಡ್‌ಕ್ವಿಸ್ಟ್ 205ನೆಯವರು! ಶ್ರೇಷ್ಠ ಆಟಗಾರರಿಗೆ ಸಿಗುವ ಹಾಲ್ ಆಫ್ ಫೇಮ್ ಗೌರವ ಪಡೆದದ್ದು ಯಾರು ಗೊತ್ತಾ? ಲುಂಡ್‌ಕ್ವಿಸ್ಟ್! (ಡಿಪಿಯೆಟ್ರೊಗೆ ಗಾಯಗಳ ಕಾಟವೂ ಇತ್ತು, ಬಿಡಿ.) ಈ ಹುಡುಗನಿಗೆ ಇನ್ನೆರಡು ಸೀಸನ್ ಕೊಟ್ಟು ನೋಡಿ.